ಷರ್ಲಾಕ್ ಹೋಮ್ಸ್: ಓದು ಮೊದಲೋ, ನೋಟ ಮೊದಲೋ?

ಷರ್ಲಾಕ್ ಹೋಮ್ಸ್ ಕತೆಗಳನ್ನು ಯಾವ ಕ್ರಮದಲ್ಲಿ ಓದಬೇಕು, ಟಿವಿ ಸರಣಿಯನ್ನು ಮೊದಲೇ ನೋಡಿದರೆ ಓದಿನ ಸ್ವಾರಸ್ಯ ಕೆಡುವುದೇ ಎಂದು ತಾವು ಕೇಳಿದ್ದೀರಿ. ಓದಿಯೇ ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಆರ್ಥರ್ ಕಾನನ್ ಡಾಯ್ಲ್ ಪತ್ತೇದಾರ ಹೋಮ್ಸ್‌ನನ್ನು ಕುರಿತು ಬರೆದದ್ದು 4 ಕಾದಂಬರಿ ಮತ್ತು 56 ಸಣ್ಣ ಕತೆ. ಮೊದಲನೆಯದೆಂಬ ಕಾರಣಕ್ಕೆ 1887ರ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯಿಂದ ಆರಂಭಿಸಬೇಡಿ. ಅದರ ಎರಡನೆಯ ಭಾಗ ಲಂಡನ್ನನ್ನು ಬಿಟ್ಟು ಅಮೆರಿಕದ ಯೂಟಾಕ್ಕೆ ಹೋಗಿಬಿಡುತ್ತದೆ, ಅಲ್ಲಿ ಅಧ್ಯಾಯಗಟ್ಟಲೆ ಹೋಮ್ಸ್‌ನ ಸುಳಿವೇ ಇಲ್ಲ. ಅವನು ಮನೆಮಾತಾದದ್ದು 1891ರ ಜುಲೈಯಿಂದ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಬಂದ ಸಣ್ಣ ಕತೆಗಳಿಂದ. ನಾಯಕ ಅವನೇ, ಆದರೆ ಪ್ರತಿ ಕತೆಯೂ ಅದೇ ಸಂಚಿಕೆಯಲ್ಲಿ ಮುಗಿಯುತ್ತಿದ್ದುದರಿಂದ ಒಂದು ತಿಂಗಳು ತಪ್ಪಿಸಿಕೊಂಡವರಿಗೂ ಎಳೆ ಕಡಿಯುತ್ತಿರಲಿಲ್ಲ. ಅವುಗಳಲ್ಲಿ ಮೊದಲ 12 ಕತೆಗಳ ಸಂಕಲನವನ್ನೇ ಕೈಗೆತ್ತಿಕೊಳ್ಳಿ.

ಅದರಲ್ಲಿ 'ದಿ ಬ್ಲೂ ಕಾರ್ಬಂಕಲ್' ಕತೆಯನ್ನು ನಿಧಾನವಾಗಿ ಓದಿ. ಬೀದಿಯಲ್ಲಿ ಸಿಕ್ಕ ಹಳೆಯ ಟೋಪಿಯೊಂದನ್ನು ಹೋಮ್ಸ್ ಕೈಯಲ್ಲಿ ಹಿಡಿದು ನೋಡುತ್ತಾನೆ: ಅದರ ಮೇಲಿರುವುದು ರಸ್ತೆಯ ಒರಟು ಬೂದು ಧೂಳಲ್ಲ, ಮನೆಯೊಳಗಿನ ಕಂದು ಧೂಳು, ಎಂದರೆ ಟೋಪಿ ಹೆಚ್ಚಿನ ಕಾಲ ಮನೆಯಲ್ಲೇ ತೂಗುಹಾಕಿತ್ತು. ವಾರಗಟ್ಟಲೆ ಅದಕ್ಕೆ ಬ್ರಷ್ ತಾಗಿಲ್ಲ, ಆದ್ದರಿಂದ ಹೆಂಡತಿಗೆ ಗಂಡನ ಮೇಲೆ ಪ್ರೀತಿ ಉಳಿದಿಲ್ಲ! ಧೂಳಿನ ತರ್ಕವನ್ನು ಒಪ್ಪಬಹುದು. ಟೋಪಿ ದೊಡ್ಡದು, ಆದ್ದರಿಂದ ಒಡೆಯ ಬುದ್ಧಿವಂತ ಎಂಬ ಇನ್ನೊಂದು ಮಾತನ್ನು ಮಾತ್ರ ಇಂದು ಯಾರೂ ಒಪ್ಪಲಾರರು. ಹೀಗೆ ಅವನ ತರ್ಕದೊಡನೆ ಜಗಳವಾಡುತ್ತ ಓದುವ ಅವಕಾಶ ತೆರೆಯ ಮೇಲೆ ಸಿಗುವುದಿಲ್ಲ, ಅಲ್ಲಿ ಮುಂದಿನ ದೃಶ್ಯ ಕಾಯುವುದಿಲ್ಲ.

ಹೋಮ್ಸ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ರೂಪದಲ್ಲಿ ಡಾಯ್ಲ್ ಅವರ ಪಾಲು ಕಡಿಮೆ. ಮುಂದೆ ಹಿಂದೆ ಅಂಚಿರುವ ಆ ಟೋಪಿಯನ್ನು ತೊಡಿಸಿದವರು 'ಸ್ಟ್ರಾಂಡ್' ಚಿತ್ರಕಾರ ಸಿಡ್ನಿ ಪ್ಯಾಜೆಟ್, ಅದೂ ಹಳ್ಳಿಗಾಡಿನ ಪ್ರಯಾಣದ ಚಿತ್ರಗಳಲ್ಲಿ. ಬಾಗಿದ ಪೈಪನ್ನು 1899ರ ನಾಟಕದಲ್ಲಿ ನಟ ವಿಲಿಯಂ ಜಿಲೆಟ್ ರೂಢಿಗೆ ತಂದರೆನ್ನುತ್ತಾರೆ.

ಓದಿದ ಮೇಲೆ ಜೆರೆಮಿ ಬ್ರೆಟ್ ನಟಿಸಿದ 1984ರಿಂದ 1994ರವರೆಗಿನ ಸರಣಿಯನ್ನು ನೋಡಿ. ಅದು ಬಹುಮಟ್ಟಿಗೆ ಮೂಲಕ್ಕೆ ಹತ್ತಿರ. 2010ರ ಬಿಬಿಸಿ ಸರಣಿ ಇಂದಿನ ಲಂಡನ್ನಿನದಾದರೂ, ಅದರಲ್ಲಿ ಹೋಮ್ಸ್‌ನ ಗೆಳೆಯ ವಾಟ್ಸನ್ ಕೂಡ 1887ರ ಕಾದಂಬರಿಯ ವಾಟ್ಸನ್‌ನಂತೆಯೇ ಅಫ್ಘಾನಿಸ್ತಾನದ ಯುದ್ಧದಿಂದ ಮರಳಿದ ವೈದ್ಯ. ಮೂಲ ಓದಿದವರಿಗೆ ಇಂಥವು ಥಟ್ಟನೆ ಹೊಳೆಯುತ್ತವೆ.

ಕ್ರಮದ ವಿಷಯದಲ್ಲಿ ಒಂದೇ ಎಚ್ಚರಿಕೆ: 1893ರ 'ದಿ ಫೈನಲ್ ಪ್ರಾಬ್ಲಮ್' ಓದದೆ 1903ರ 'ದಿ ಎಂಪ್ಟಿ ಹೌಸ್' ತೆರೆಯಬೇಡಿ. ಉಳಿದವನ್ನು ಮನಬಂದಂತೆ ಓದಬಹುದು. ಡಾಯ್ಲ್ 1930ರಲ್ಲಿ ತೀರಿಕೊಂಡಿದ್ದರಿಂದ ನಮ್ಮಲ್ಲಿ ಮೂಲ ಇಂಗ್ಲಿಷ್ ಪಠ್ಯಕ್ಕೆ ಈಗ ಹಕ್ಕುಸ್ವಾಮ್ಯವಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಿ.