ಓದುಗರ ಪ್ರಶ್ನೆ: ಡೆಲ್ರಿನ್ ಗೋಡೆ ಯಾಕೆ ಸೊಟ್ಟ ಆಗುತ್ತೆ?

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಇಷ್ಟು ವರ್ಷ ಬರೀ ಕಾಸ್ಟಿಂಗ್ (ಲೋಹದ ಎರಕ) ಕೆಲಸ. ಈಗ ಮೊದಲ ಸಲ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಜಾಬ್ ಬಂದಿದೆ. ಡಬ್ಬಿಯಂಥ ಕವರ್, ಗೋಡೆ 0.8 ಮಿ.ಮೀ., ಎತ್ತರ 20. ಕೋಟಿಂಗ್ ಇರುವ 6 ಮಿ.ಮೀ. ಎಂಡ್ ಮಿಲ್ (ತಿರುಗುತ್ತಾ ಕತ್ತರಿಸುವ ಟೂಲ್), ನಾಲ್ಕು ಫ್ಲೂಟಿನದು, ಅಂದ್ರೆ ನಾಲ್ಕು ಹಲ್ಲಿನದು ಹಾಕಿದೆ. ತೆಳು ಜಾಬ್ ಅಂತ ಹೆದರಿ 8000 ಆರ್‌ಪಿಎಂಗೆ ಫೀಡ್ (ಟೂಲ್ ಮುಂದೆ ಸರಿಯುವ ವೇಗ) ನಿಮಿಷಕ್ಕೆ 400 ಮಿ.ಮೀ. ಮಾತ್ರ ಇಟ್ಟೆ. ಆದ್ರೂ ಗೋಡೆ ಸೊಟ್ಟ, ಅಂಚಿಗೆಲ್ಲ ನಾರು, ಟೂಲಿಗೆ ಪ್ಲಾಸ್ಟಿಕ್ ಮೆತ್ತಿಕೊಂಡಿದೆ. ಯಾವ ಟೂಲ್ ತಗೊಳ್ಳಲಿ?

ಉತ್ತರ: ಹೆದರಿ ಫೀಡ್ ಇಳಿಸಿದಿರಲ್ಲ, ಎಡವಟ್ಟಾಗಿದ್ದು ಅಲ್ಲೇ. ಒಂದು ಸಣ್ಣ ಲೆಕ್ಕ ಹಾಕಿ. 400ನ್ನು 8000ದಿಂದ ಭಾಗಿಸಿ, ಮತ್ತೆ 4ರಿಂದ ಭಾಗಿಸಿ. ಒಂದು ಹಲ್ಲಿಗೆ ಬಂದಿದ್ದು 0.0125 ಮಿ.ಮೀ. ಅಷ್ಟರಲ್ಲಿ ಟೂಲ್ ಕತ್ತರಿಸಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದರೆ ಬಿಸಿ. ಲೋಹವಾದರೆ ಆ ಬಿಸಿಯನ್ನು ಒಳಗೆ ಎಳೆದುಕೊಂಡು ಹಂಚಿಬಿಡುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ, ಬಿಸಿ ಕಟ್ಟಿದ ಜಾಗದಲ್ಲೇ ನಿಲ್ಲುತ್ತದೆ. ಡೆಲ್ರಿನ್ ಕರಗೋದು ಸುಮಾರು 175 ಡಿಗ್ರಿಗೆ, ಮೆತ್ತಗಾಗೋದು ಅದಕ್ಕೂ ಮುಂಚೆ. ಆಮೇಲೆ ಬೆಲ್ಲದ ಪಾಕ ಸೌಟಿಗೆ ಹತ್ತಿದ ಹಾಗೆ ಟೂಲಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಹೊರಗೆ ಹೋಗಬೇಕಾದ್ದು ಚಿಪ್ಸ್ (ಕತ್ತರಿಸಿ ಬಂದ ಚೂರು) ಜೊತೆಗೆ, ಅದಕ್ಕೆ ಚಿಪ್ ದಪ್ಪ ಬರಬೇಕು.

ಒಂದೇ ಫ್ಲೂಟಿನ ಕಾರ್ಬೈಡ್ ಎಂಡ್ ಮಿಲ್ ತಗೊಳ್ಳಿ. ಕೋಟಿಂಗ್ ಬೇಡ, ಫ್ಲೂಟ್ ಒಳಗೆ ಪಾಲಿಶ್ ಆಗಿ ಕನ್ನಡಿಯ ಹಾಗಿರಬೇಕು. ಕೋಟಿಂಗ್ ಹಾಕಿದರೆ ಅಂಚು ಕೂದಲೆಳೆಯಷ್ಟು ಮೊಂಡಾಗುತ್ತದೆ. ಕಾಸ್ಟಿಂಗಿಗೆ ನಡೆಯುತ್ತದೆ, ಪ್ಲಾಸ್ಟಿಕ್ಕಿಗೆ ಆಗಲ್ಲ. ಅಂಗಡಿಯಲ್ಲೇ ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಮೆತ್ತಗೆ ಎಳೆದು ನೋಡಿ. ಬಿಳಿ ಸಿಪ್ಪೆ ಎದ್ದರೆ ಟೂಲ್ ಸರಿ, ಜಾರಿದರೆ ವಾಪಸ್ ಕೊಡಿ. ಅದೇ 8000ಕ್ಕೆ ಫೀಡ್ 800 ಕೊಟ್ಟರೆ ಹಲ್ಲಿಗೆ 0.1 ಬರುತ್ತದೆ. ಚಿಪ್ಸ್ ಸುರುಳಿಯಾಗಿ, ಕೈಗೆ ಬಿಸಿ ತಾಗದ ಹಾಗೆ ಹಾರಬೇಕು. ಪುಡಿ ಬಂತು ಅಂದ್ರೆ ಇನ್ನೂ ಉಜ್ಜುತ್ತಿದೆ ಅಂತ ಅರ್ಥ.

ಫಿನಿಶಿಂಗಿಗೆ ಪಕ್ಕದಲ್ಲಿ 0.2 ಮಿ.ಮೀ. ಮಾಲು ಮಾತ್ರ ಉಳಿಸಿ, ಕ್ಲೈಂಬ್ ಮಿಲ್ಲಿಂಗ್ (ಹಲ್ಲು ಕತ್ತರಿಸುವ ದಿಕ್ಕಿಗೇ ಜಾಬ್ ಸರಿಯುವ ಹಾಗೆ) ಮಾಡಿ. ಹೆಲಿಕ್ಸ್ (ಫ್ಲೂಟ್ ಸುತ್ತಿಕೊಂಡಿರುವ ಓರೆ) ಜಾಸ್ತಿ ಇರುವ ಟೂಲ್ ತೆಳು ತಳವನ್ನು ಮೇಲಕ್ಕೆ ಎಳೆಯುತ್ತದೆ, ಕಮ್ಮಿ ಹೆಲಿಕ್ಸಿನದೇ ವಾಸಿ. ಕಟಿಂಗ್ ಉದ್ದ ಪೂರ್ತಿ 20 ಇರುವ ಟೂಲ್ ಬೇಡ. ಅಂಚು ಗಿಡ್ಡ ಇದ್ದು ಅದರ ಮೇಲೆ ಕುತ್ತಿಗೆ ಸಣ್ಣ ಮಾಡಿರುವುದು ಸಿಗುತ್ತದೆ, ಅದಾದರೆ ಮುಗಿದ ಗೋಡೆಗೆ ಮೇಲೆ ಒರಸಲ್ಲ. ಒಳಮುಖ ಪೂರ್ತಿ ಮುಗಿಸಿ ಆಮೇಲೆ ಹೊರಮುಖ ಅಂತ ಹೋಗಬೇಡಿ. ಒಳಗೆ 3 ಮಿ.ಮೀ., ಹೊರಗೆ 3, ಮತ್ತೆ ಒಳಗೆ, ಹೀಗೆ ಇಳಿದರೆ ಕತ್ತರಿಸುವ ಜಾಗದ ಕೆಳಗೆ ಗಟ್ಟಿ ಮಾಲು ಆಸರೆಗೆ ಇರುತ್ತದೆ. ಜಾಬನ್ನು ವೈಸಿನಲ್ಲಿ ಹಿಂಡಬೇಡಿ, ಬಿಚ್ಚಿದ ಕೂಡಲೇ ಗೋಡೆ ಬೇರೆ ಆಕಾರಕ್ಕೆ ತಿರುಗುತ್ತದೆ. ಸಾಫ್ಟ್ ಜಾ (ವೈಸಿಗೆ ಹಾಕುವ ಮೆತ್ತನೆ ಹಿಡಿತದ ದವಡೆ) ಹಾಕಿ, ಮೆತ್ತಗೆ ಹಿಡಿಯಿರಿ.

ತಂಪಿಗೆ ಗಾಳಿ ಸಾಕು. ಡೆಲ್ರಿನ್ನಿಗೆ ಕೂಲೆಂಟ್ (ತಂಪಿನ ದ್ರವ) ಬಿಟ್ಟರೂ ತೊಂದರೆ ಇಲ್ಲ. ಆದರೆ ಮುಂದೆ ಅಕ್ರಿಲಿಕ್ ಬಂದರೆ ಅದೇ ಧೈರ್ಯ ಮಾಡಬೇಡಿ. ನಾನು ಮಾಡಿದ್ದೆ. ಹತ್ತು ಪೀಸು ಚೆಂದ ಮುಗಿಸಿ ಮೇಜಿನ ಮೇಲಿಟ್ಟು ಮನೆಗೆ ಹೋದೆ, ಬೆಳಿಗ್ಗೆ ಬಂದು ನೋಡಿದರೆ ಮೂಲೆಮೂಲೆಗೂ ಎಳೆಎಳೆ ಬಿರುಕು.

ರಫಿಂಗ್ (ಮೊದಲ ಒರಟು ಕತ್ತರಿಕೆ) ಆದ ಮೇಲೆ ಜಾಬನ್ನು ಬಿಚ್ಚಿ ಒಂದು ರಾತ್ರಿ ಬಿಟ್ಟು ಬಿಡಿ, ಒಳಗಿನ ಒತ್ತಡ ಬಿಡಿಸಿಕೊಂಡು ಬಾಗೋದಿದ್ದರೆ ಆಗಲೇ ಬಾಗಲಿ. ಅಳತೆಯೂ ತಣ್ಣಗಾದ ಮೇಲೇ ಹಿಡಿಯಿರಿ. ಡೆಲ್ರಿನ್ ಉಕ್ಕಿಗಿಂತ ಒಂಬತ್ತು ಹತ್ತು ಪಟ್ಟು ಹಿಗ್ಗುತ್ತದೆ, 100 ಮಿ.ಮೀ. ಜಾಬ್ 10 ಡಿಗ್ರಿ ಬಿಸಿ ಏರಿದರೆ ಸುಮಾರು 0.1 ದೊಡ್ಡದಾಗಿ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಶೆಡ್ಡಿನೊಳಗೆ ಅಳೆದು ಪಾಸ್ ಮಾಡಿದ್ದು ಗಿರಾಕಿಯ ಎಸಿ ರೂಮಿನಲ್ಲಿ ರಿಜೆಕ್ಟ್ ಆಗೋದು ಹೀಗೇ.

ನಾಲ್ಕು ಫ್ಲೂಟಿನದನ್ನು ಎಸೀಬೇಡಿ, ಕಾಸ್ಟಿಂಗಿಗೆ ಅದೇ ಸರಿ. ಹೊಸ ಟೂಲನ್ನು ಮಾತ್ರ ಬೇರೆ ಡಬ್ಬಿಯಲ್ಲಿಟ್ಟು ಮೇಲೆ ‘ಪ್ಲಾಸ್ಟಿಕ್’ ಅಂತ ಬರೆದಿಡಿ. ರಾತ್ರಿ ಪಾಳಿಯ ಹುಡುಗ ಅದನ್ನು ಒಂದೇ ಒಂದು ಸಲ ಕಾಸ್ಟಿಂಗ್ ಮೇಲೆ ಓಡಿಸಿದರೂ ಅಂಚು ಹೋಯಿತು ಅಂತಲೇ ಲೆಕ್ಕ.