ಘಾಟಿ ಹತ್ತುವಾಗ ಆಫ್ ಆಗುವ ಕ್ಯಾಂಪರ್ ವ್ಯಾನ್

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ವ್ಯಾನನ್ನು ಕ್ಯಾಂಪರ್ ಮಾಡಿಸಿದ್ದೇವೆ. ಊರಲ್ಲಿ ಚೆನ್ನಾಗೇ ಓಡುತ್ತೆ. ಚಾರ್ಮಾಡಿ ಹತ್ತುವಾಗ ಅರ್ಧ ಗಂಟೆಗೆ ಎಂಜಿನ್ ನಿಂತುಬಿಡುತ್ತೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಡೀಸೆಲ್ ಫಿಲ್ಟರ್ ಬದಲಿಸಿಯಾಯಿತು. ಎಂಜಿನ್‌ಗೆ ಡೀಸೆಲ್ ಕೊಡುವ ಪಂಪೇ ಹೋಗಿದೆಯಾ?

ಉತ್ತರ: ಪಂಪಿಗೆ ಈಗಲೇ ಕೈ ಹಾಕಬೇಡಿ, ಖರ್ಚು ದಂಡ. ಮೊದಲು ಹೇಗೆ ನಿಲ್ಲುತ್ತದೆ ನೋಡಿ. ಕೀಲಿ ತಿರುಗಿಸಿದಂತೆ ಒಮ್ಮೆಗೇ ನಿಂತರೆ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಕೀಲಿ ಆಫ್ ಮಾಡಿದಾಗ ಡೀಸೆಲ್ ತಡೆಯುವ ವಿದ್ಯುತ್ ಕವಾಟ) ವೈರು ಸಡಿಲವಿರಬಹುದು. ಮುಕ್ಕರಿಸುತ್ತಾ ಎಳೆತ ಕಳೆದುಕೊಂಡು ನಿಂತರೆ ಡೀಸೆಲ್ ಸಾಲುತ್ತಿಲ್ಲ.

ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಕ್ಕೆ 'ಸುಯ್' ಎಂದು ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಸದ್ದಿಲ್ಲದಿದ್ದರೆ, ತಣ್ಣಗಾದ ಮೇಲೆ ಫಿಲ್ಟರ್–ಪಂಪ್ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪು ಹಾಕಿ ಎಂಜಿನ್ ಓಡಿಸಿ. ಗುಳ್ಳೆ ಕಂಡರೆ ಟ್ಯಾಂಕಿನಿಂದ ಬರುವ ಲೈನು ಗಾಳಿ ಎಳೆಯುತ್ತಿದೆ. ಅಲ್ಲಿ ಡೀಸೆಲ್ ಹೊರಗೆ ಸೋರದು, ಅದಕ್ಕೇ ಮೆಕ್ಯಾನಿಕ್ ಕಣ್ಣಿಗೂ ಬೀಳುವುದಿಲ್ಲ. ಬಿರುಕುಬಿಟ್ಟ ರಬ್ಬರ್ ಪೈಪು, ಬ್ಯಾಂಜೋ ಬೋಲ್ಟಿನ (ಪೈಪು ಜೋಡಿಸುವ, ನಡುವೆ ತೂತಿರುವ ಬೋಲ್ಟು) ತಾಮ್ರದ ವಾಷರ್ ಬದಲಿಸಿ. ಹಳೇ ವಾಷರ್ ಮತ್ತೆ ಹಾಕಬೇಡಿ.

ಗುಳ್ಳೆಯೂ ಇಲ್ಲವೇ? 5 ಲೀಟರ್ ಕ್ಯಾನಿನಿಂದ ನೇರ ಡೀಸೆಲ್ ಕೊಟ್ಟು, ಮಿಕ್ಕ ಡೀಸೆಲ್ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಟ್ಟು, ನಿಂತಲ್ಲೇ ರೇಸ್ ಕೊಟ್ಟು ನೋಡಿ. ಸರಾಗವಾಗಿ ಓಡಿದರೆ ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಪೈಪಿನ ತುದಿಯ ಜಾಲರಿಯೇ ಅನುಮಾನ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಗಳಲ್ಲಿ ತುಕ್ಕು, ಲೋಳೆ ಏರಿನಲ್ಲಿ ಅದಕ್ಕೆ ಅಂಟಿಕೊಳ್ಳುತ್ತವೆ, ಎಂಜಿನ್ ನಿಂತಾಗ ಕಳಚಿ ಕೆಳಗಿಳಿಯುತ್ತವೆ. ಹತ್ತು ನಿಮಿಷದ ಗುಟ್ಟು ಇದೇ. ಟ್ಯಾಂಕ್ ಇಳಿಸಿ ತೊಳೆಸಿ, ಕೊನೆಗೆ ಫಿಲ್ಟರ್ ಮೇಲಿನ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿ, ಸ್ಕ್ರೂ ಬಿಗಿಯಿರಿ.