ಪುರಸಭೆಯಲ್ಲಿ ಒಬ್ಬ ಮೆಂಬರ್ ನಿಜಕ್ಕೂ ಏನಾದರೂ ಮಾಡೋಕಾಗುತ್ತಾ? ಅವಧಿ ಮುಗಿಸಿದವರು ಹೇಳಿ

ಮುಂದಿನ ಚುನಾವಣೆಗೆ ನಿಲ್ಲುವ ಯೋಚನೆ ಇದೆ, ಆದರೆ ಮೆಂಬರ್ ಅಂದರೆ ಸಭೆಯಲ್ಲಿ ಸುಮ್ನೆ ಕೈ ಎತ್ತೋದಷ್ಟೇನಾ ಅಂತ ಕೇಳಿದ್ದೀರಿ. ನಾನು ಅವಧಿ ಮುಗಿಸಿದವಳೇ. 2025ರ ನವೆಂಬರ್‌ಗೆ ನಮ್ಮ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಕೌನ್ಸಿಲ್ ಜಾಗಕ್ಕೆ ಸರ್ಕಾರದ ಆಡಳಿತಾಧಿಕಾರಿ, ನಾನು ಮತ್ತೆ ಪೂರ್ತಿ ಟೈಲರ್. ಊರಿನ ಹೆಸರು ಬೇಡ. 23 ವಾರ್ಡಿನ ಪುರಸಭೆ, ತುಮಕೂರು ಕಡೆ ಅಂದುಕೊಳ್ಳಿ.

ಮೊದಲು ಒಂದು ಲೆಕ್ಕ ಹೇಳುತ್ತೇನೆ, ಇದನ್ನು ನಿಲ್ಲುವ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ನಾವು ಗೆದ್ದದ್ದು 2018ರಲ್ಲಿ. ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಹಾರ ಹಾಕಿಸಿಕೊಂಡು ಊರು ಸುತ್ತಿದ್ದೂ ಆಯಿತು. ಅಷ್ಟರಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿತು. ಹೊಸ ಪಟ್ಟಿ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಅಧ್ಯಕ್ಷರಿಲ್ಲ, ಸಭೆಯಿಲ್ಲ, ನಮಗೆ ಕೂರೋಕೆ ಕುರ್ಚಿಯೂ ಇಲ್ಲ. ಎರಡು ವರ್ಷ ಗೆದ್ದೂ ಮೆಂಬರ್ ಅಲ್ಲ. ಐದು ವರ್ಷದ ಅವಧಿ ಎಣಿಸೋದು ಗೆದ್ದ ದಿನದಿಂದಲ್ಲ, ಮೊದಲ ಸಭೆಯಿಂದ. ಹಾಗಾಗಿ ನಮ್ಮದು 2025ರವರೆಗೆ ಬಂತು. ನಡುವೆ ಮೊದಲ ಅಧ್ಯಕ್ಷರ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದಾಗ ಎರಡನೇ ಅವಧಿಯ ಮೀಸಲಾತಿ ಬರಲಿಲ್ಲ. ಅದು ಬಂದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷದ ಮೇಲೆ ಖಾಲಿ. ಜನ ನನ್ನನ್ನು ಏಳು ವರ್ಷದಿಂದ 'ಮೆಂಬರಕ್ಕ' ಅನ್ನುತ್ತಾರೆ. ಕೌನ್ಸಿಲ್ ನಿಜವಾಗಿ ನಡೆದದ್ದು ಹತ್ತಿರ ಹತ್ತಿರ ಮೂರು ವರ್ಷ ಎಂಟು ತಿಂಗಳು.

ಆದರೆ ಜನಕ್ಕೆ ಈ ಲೆಕ್ಕ ಬೇಕಿಲ್ಲ. ಅವರು ವೋಟು ಹಾಕಿದ್ದಾರೆ, ಬೀದಿ ದೀಪ ಉರಿಯಬೇಕು. ಕೊರೊನಾ ಬಂದದ್ದೂ ಆ ಖಾಲಿ ಸಮಯದಲ್ಲೇ. ಸೀಲ್‌ಡೌನ್ ಆದ ಬೀದಿಗೆ ಹಾಲು, ಮಾತ್ರೆ ತಲುಪಿಸುವಾಗ ಯಾರೂ 'ನಿಮ್ಮ ಮೊದಲ ಸಭೆ ಆಗಿದೆಯಾ' ಅಂತ ಕೇಳಲಿಲ್ಲ.

ನಮ್ಮ ವಾರ್ಡ್ ಆಗ ಹಿಂದುಳಿದ ವರ್ಗದ ಮಹಿಳೆಗೆ ಬಂದಿತ್ತು. ಹಾಗೆ ನಾನು ಬಂದೆ, ಇದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಎಲ್ಲರೂ ನನ್ನ ಗಂಡನೇ ಮೆಂಬರ್ ಕೆಲಸ ನೋಡಿಕೊಳ್ಳುತ್ತಾನೆ ಅಂದುಕೊಂಡಿದ್ದರು. ಮೊದಲ ಸಲ ಆಫೀಸಿಗೆ ಹೋದಾಗ ಒಬ್ಬರು ನನ್ನ ಮುಂದಿನಿಂದಲೇ ಕೈ ಚಾಚಿ ಕಾಗದವನ್ನು ಜೊತೆಗಿದ್ದ ನಮ್ಮ ಯಜಮಾನರಿಗೆ ಕೊಟ್ಟು, "ಸಾರ್, ಮೇಡಂ ಹತ್ರ ಇಲ್ಲೊಂದು ಸೈನ್ ಹಾಕಿಸಿಬಿಡಿ" ಅಂದರು. ನಾನು ಒಂದು ಮೊಳ ದೂರದಲ್ಲಿ ಕೂತಿದ್ದೆ! ಇವರು ಕಾಗದ ನನ್ನ ಕಡೆ ತಳ್ಳಿ, "ಅವರನ್ನೇ ಕೇಳಿ, ನನಗೆ ಗಿರಣಿ ತೆಗೀಬೇಕು" ಅಂತ ಎದ್ದು ಹೋದರು. ನಮ್ಮ ಯಜಮಾನರು ಏಳು ವರ್ಷದಲ್ಲಿ ನನಗೆ ಮಾಡಿದ ದೊಡ್ಡ ಉಪಕಾರ ಅದು. ನೀವು ಹೆಣ್ಣುಮಗಳಾಗಿದ್ದರೆ ಮನೆಯಲ್ಲಿ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಅಧ್ಯಕ್ಷರ ಚುನಾವಣೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಾವು 23, ಶಾಸಕರು ಮತ್ತು ಸಂಸದರ ಮತ ಸೇರಿ 25. ಹದಿಮೂರು ಸಿಕ್ಕಿದವರು ಗೆದ್ದರು. ಅದಕ್ಕೆ ಮುಂಚೆ ಮೆಂಬರ್‌ಗಳನ್ನು 'ಪ್ರವಾಸ' ಕರೆದುಕೊಂಡು ಹೋಗುತ್ತಾರೆ. ನಾನು ಹೋಗಲಿಲ್ಲ ಅಂತ ಬರೆಯೋ ಆಸೆ ಇದೆ. ಹೋಗಿದ್ದೆ. ಧರ್ಮಸ್ಥಳ, ಕುಕ್ಕೆ, ಮೂರು ದಿನ. ದೇವರ ದರ್ಶನ ಚೆನ್ನಾಗಿ ಆಯಿತು.

ಸಭೆ ಹೇಗಿರುತ್ತದೆ ಅಂದರೆ, ಅಜೆಂಡಾ ಮನೆಗೆ ಬರುತ್ತದೆ. ಹಿಂದಿನ ಸಭೆಯ ನಡಾವಳಿ ಓದುವುದು, ಜಮಾ ಖರ್ಚು ಒಪ್ಪುವುದು, ಕೊನೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು'. ಆ ಕೊನೇ ಸಾಲನ್ನು ಹಗುರ ಮಾಡಬೇಡಿ. ಮುಖ್ಯವಾದದ್ದು ಎಷ್ಟೋ ಸಲ ಅದರಲ್ಲೇ ಬರುತ್ತದೆ, ಅದೂ ಊಟ ಬಂದಿದೆ ಅಂತ ಎಲ್ಲರೂ ಬಾಗಿಲ ಕಡೆ ನೋಡುವ ಹೊತ್ತಿಗೆ. ನಾನು ಕಲಿತ ಇನ್ನೊಂದು ಪದ 'ಘಟನೋತ್ತರ ಮಂಜೂರಾತಿ'. ಅಂದರೆ ಕೆಲಸ ಮಾಡಿಸಿ ಆಗಿದೆ, ಈಗ ಒಪ್ಪಿಗೆ ಕೊಡಿ ಅಂತ. ಬಟ್ಟೆ ಕತ್ತರಿಸಿ ಆದಮೇಲೆ ಅಳತೆ ಕೇಳಿದ ಹಾಗೆ. ಮೊದಲ ಆರು ತಿಂಗಳು ನಾನೂ ಎಲ್ಲರ ಜೊತೆ ಕೈ ಎತ್ತಿದೆ. ಆಮೇಲೆ ಪ್ರತಿ ಸಭೆಗೂ ಮುಂಚೆ ಹೋಗಿ ಫೈಲ್ ಕೇಳಿ ಓದೋಕೆ ಶುರು ಮಾಡಿದೆ. "ಮೇಡಂ ಯಾಕೆ ಟೆನ್ಶನ್ ತಗೋತೀರಾ" ಅಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಬ್ಬ ಮೆಂಬರ್ ಏನು ಮಾಡಬಹುದು? ನನಗೆ ಉತ್ತರ ಸಿಕ್ಕಿದ್ದು ಸಭೆಯಲ್ಲಲ್ಲ, ಒಂದು ವಾಲ್ವ್ ಗುಂಡಿಯ ಹತ್ತಿರ.

ನಮ್ಮ ವಾರ್ಡಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಅಂತ ಎರಡು. ಐದು ದಿನಕ್ಕೊಮ್ಮೆ ನೀರು. ಕೆಳಗಿನ ಬೀದಿಯಲ್ಲಿ ಸಂಪು ತುಂಬಿ ರಸ್ತೆಗೆ ಹರಿಯುತ್ತದೆ, ಮೇಲಿನ ಬೀದಿಯಲ್ಲಿ ನಲ್ಲಿ ಬರೀ ಗಾಳಿ ಊದುತ್ತದೆ. ಹೊಸ ಪೈಪ್‌ಲೈನ್ ಬೇಕು ಅಂತ ನಾನು ಅರ್ಜಿ ಮೇಲೆ ಅರ್ಜಿ ಕೊಟ್ಟೆ. ಎಸ್ಟಿಮೇಟ್, ಕ್ರಿಯಾಯೋಜನೆ, ಮಂಜೂರಾತಿ, ಟೆಂಡರ್, ಮತ್ತೆ ಟೆಂಡರ್. ಮೇಲಿನ ಬೀದಿಯ ಒಬ್ಬ ಅಜ್ಜಿ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ಮುಂಚೆ ಬರ್ತಿತ್ತು ಕಣವ್ವಾ, ಅದೇ ಪೈಪಲ್ಲೇ." ವಯಸ್ಸಾಗಿದೆ, ಏನೋ ಹೇಳ್ತಾರೆ ಅಂತ ಬಿಟ್ಟಿದ್ದೆ.

ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ವಾಟರ್‌ಮ್ಯಾನ್ ಜೊತೆ ಹೋದೆ. ಕೈಯಲ್ಲಿ ಟಿ ಆಕಾರದ ಉದ್ದನೆಯ ಕಬ್ಬಿಣದ ಕೀಲಿ, ಬಾಯಲ್ಲಿ ಟಾರ್ಚ್. ಗುಂಡಿಯ ಕಲ್ಲು ಸರಿಸಿ ಕೀಲಿ ಇಳಿಸಿ ತಿರುಗಿಸಿದರು. ನೆಲದೊಳಗೆ ನೀರು ಹೊರಟ ಸದ್ದು ಕಾಲಿಗೆ ಗೊತ್ತಾಗುತ್ತದೆ. ಮೊದಲು ತೆಗೆದದ್ದು ಕೆಳಗಿನ ಬೀದಿಯ ವಾಲ್ವ್. ಅರ್ಧ ಗಂಟೆ ಬಿಟ್ಟು ಮೇಲಿನದು. ಆದರೆ ಕೆಳಗಿನದನ್ನು ಮುಚ್ಚಲಿಲ್ಲ. ಯಾಕಣ್ಣ ಅಂತ ಕೇಳಿದೆ. "ಹಿಂದಿಂದ ಹಂಗೇ ಬಂದಿದೆ ಅಕ್ಕ. ಮುಚ್ಚಿದ್ರೆ ಕೆಳಗಿನೋರು ಜಗಳಕ್ಕೆ ಬರ್ತಾರೆ. ಅಲ್ಲಿ ಎಂಟು ಮನೇಲಿ ನಲ್ಲಿಗೇ ಮೋಟರ್ ಹಾಕವ್ರೆ." ಟ್ಯಾಂಕಿನಲ್ಲಿ ನೀರು ಪೂರ್ತಿ ಇರುವ ಹೊತ್ತಿಗೆ ಒತ್ತಡ ಜಾಸ್ತಿ. ಆ ಒತ್ತಡವೆಲ್ಲ ಇಳಿಜಾರಿಗೆ ಹೋಗಿ, ಉಳಿದದ್ದು ಏರು ಹತ್ತಬೇಕು. ಹತ್ತೀತು ಹೇಗೆ?

ಅಷ್ಟೇ ವಿಷಯ. ಮೊದಲು ಮೇಲಿನದು ತೆಗೆಯಿರಿ, ನಲವತ್ತು ನಿಮಿಷ ಬಿಡಿ, ಮುಚ್ಚಿ, ಆಮೇಲೆ ಕೆಳಗಿನದು. ಇದಕ್ಕೆ ಟೆಂಡರ್ ಬೇಡ, ಅನುದಾನ ಬೇಡ. ಬೇಕಾದದ್ದು ಕೆಳಗಿನ ಬೀದಿಯವರಿಂದ ಬೈಸಿಕೊಳ್ಳೋಕೆ ಒಬ್ಬರು. ಪಾಪ ಆ ವಾಟರ್‌ಮ್ಯಾನ್ ಎಷ್ಟು ಅಂತ ಬೈಸಿಕೊಳ್ಳುತ್ತಾರೆ? "ಮೆಂಬರಕ್ಕ ಹೇಳಿದ್ದಾರೆ ಅಂತ ನನ್ನ ಹೆಸರು ಹೇಳಿ" ಅಂದೆ. ಎರಡು ವಾರ ಮನೆ ಮುಂದೆ ಜಗಳ ಆಯಿತು. ಬ್ಲೌಸ್ ಹೊಲಿಯೋಕೆ ಕೊಟ್ಟಿದ್ದ ಇಬ್ಬರು ಬಟ್ಟೆ ವಾಪಸ್ ತಗೊಂಡು ಹೋದರು. ಮೋಟರ್ ಕೀಳಿಸೋಕೆ ಹೋದಾಗ ಆ ಎಂಟರಲ್ಲಿ ಒಂದು ನನ್ನ ನಾದಿನಿ ಮನೆ ಅಂತ ಗೊತ್ತಾಯಿತು. ಮೊದಲು ಅದನ್ನೇ ಕೀಳಿಸಿದೆ. ಅವಳು ಒಂದು ವರ್ಷ ಮಾತು ಬಿಟ್ಟಿದ್ದಳು. ಮೇಲಿನ ಬೀದಿಗೆ ನೀರು ಹತ್ತಿತು, ಕೊನೇ ನಾಲ್ಕು ಮನೆ ಬಿಟ್ಟು. ಆ ನಾಲ್ಕಕ್ಕೆ ನಿಜವಾಗಿಯೂ ಪೈಪ್ ಬೇಕು, ಅದು ಇನ್ನೂ ಬಂದಿಲ್ಲ. ಅಜ್ಜಿ ಮನೆ ಆ ನಾಲ್ಕರಲ್ಲಿ ಇಲ್ಲ, ಪುಣ್ಯ.

ಇಂಥವು ಇನ್ನೂ ಇವೆ. ಪುರಸಭೆ ನಿಧಿ ಮತ್ತು ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಹಣದಲ್ಲಿ ಶೇಕಡ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25 ಇತರೆ ಬಡವರಿಗೆ, 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ತೆಗೆದಿಡುತ್ತಾರೆ, ಅರ್ಜಿ ಬಂದಿಲ್ಲ ಅಂತ ಹಾಗೇ ಉಳಿಯುತ್ತದೆ. ಅರ್ಜಿ ಯಾಕೆ ಬಂದಿಲ್ಲ? ನೋಟಿಸ್ ಅಂಟಿಸಿದ್ದು ಪುರಸಭೆ ಬೋರ್ಡಿಗೆ, ನಡೆಯೋಕಾಗದ ಹುಡುಗ ಅದನ್ನು ಓದೋಕೆ ಮೆಟ್ಟಿಲು ಹತ್ತಬೇಕು! ನಾನು ಅರ್ಜಿ ಫಾರಂ ಜೆರಾಕ್ಸ್ ಮಾಡಿಸಿ ಮನೆಮನೆಗೆ ಕೊಟ್ಟೆ. 2025ರಲ್ಲಿ ಆಸ್ತಿ ದಾಖಲೆಯ ಇ-ಖಾತಾ, ಬಿ-ಖಾತಾ ಗಲಾಟೆಯಲ್ಲೂ ಅದೇ ಕೆಲಸ. ಕ್ರಯಪತ್ರ, ತೆರಿಗೆ ರಸೀದಿ, ಇಸಿ (ಋಣಭಾರ ಪ್ರಮಾಣಪತ್ರ), ಫೋಟೋ ಇವನ್ನೆಲ್ಲ ಜೋಡಿಸಿ ಕೊಟ್ಟರೆ ಬ್ರೋಕರ್‌ಗೆ ಕೊಡೋ ದುಡ್ಡು ಉಳಿಯುತ್ತದೆ. ನನ್ನ ಹೊಲಿಗೆ ಮಿಷನ್ ಪಕ್ಕ ಸ್ಟೇಪ್ಲರ್ ಬಂದು ಕೂತದ್ದು ಹೀಗೆ.

ಸೋತದ್ದನ್ನೂ ಹೇಳಬೇಕು ಅಲ್ವಾ. ಶಾಲೆ ಹಿಂದಿನ ಚರಂಡಿ. ಭೂಮಿಪೂಜೆಗೆ ನಾನೇ ಗುದ್ದಲಿ ಹಿಡಿದೆ, ಫೋಟೋ ಕೂಡ ಇದೆ. ಕೆಲಸ ನಡೆಯುವಾಗ ಮಗಳ ಮದುವೆ, ಹತ್ತು ದಿನ ಆ ಕಡೆ ಹೋಗಲಿಲ್ಲ. ಹೋಗಿ ನೋಡುವಾಗ ಕಾಂಕ್ರೀಟ್ ಒಣಗಿತ್ತು. ನಾಲ್ಕು ಮಗ್ ನೀರು ಸುರಿದು ನೋಡಿದೆ. ಮುಂದೆ ಹೋಗಬೇಕಾದ ನೀರು ನಿಧಾನವಾಗಿ ನನ್ನ ಕಾಲ ಕಡೆಗೇ ಬಂತು. ಇಳಿಜಾರು ಉಲ್ಟಾ. ಬಿಲ್ ತಡೆಯಿರಿ ಅಂತ ಬರೆದು ಕೊಟ್ಟೆ. ಬಿಲ್ ಅಷ್ಟರಲ್ಲಿ ಆಗಿಹೋಗಿತ್ತು. ಸಭೆಯಲ್ಲಿ ಎತ್ತಿದೆ, ನಡಾವಳಿಯಲ್ಲಿ 'ಸದಸ್ಯರು ಚರಂಡಿ ಬಗ್ಗೆ ಪ್ರಸ್ತಾಪಿಸಿದರು, ಪರಿಶೀಲಿಸಲು ತಿಳಿಸಲಾಯಿತು' ಅಂತ ಒಂದು ಸಾಲು ಬಂತು. ಆಮೇಲೆ ಕೌನ್ಸಿಲ್ ಖಾಲಿ ಬಿದ್ದ ಸಮಯ ಶುರುವಾಯಿತು. ಗುತ್ತಿಗೆದಾರರದ್ದು ತಪ್ಪು, ಅಳತೆ ನೋಡಿದವರದ್ದು ತಪ್ಪು, ಹತ್ತು ದಿನ ಹೋಗದಿದ್ದ ನನ್ನದೂ ತಪ್ಪು. ಈಗಲಾದರೆ ಕಾಂಕ್ರೀಟ್ ಹಾಕುವ ಮುಂಚೆ ದಾರ ಕಟ್ಟಿಸಿ ನೋಡುತ್ತೇನೆ. ಆಗ ಗೊತ್ತಿರಲಿಲ್ಲ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗೌರವಧನ ಪೆಟ್ರೋಲ್‌ಗೂ ಸಾಲದು. ಮದುವೆ, ಗೃಹಪ್ರವೇಶ, ಗಣೇಶನ ಚಂದಾ ಎಲ್ಲಕ್ಕೂ ಮೆಂಬರ್ ಕೈ ಬಿಚ್ಚಬೇಕು. ನಾನು ಗಣೇಶನಿಗೆ ಇಂತಿಷ್ಟೇ ಅಂತ ಮೊದಲ ವರ್ಷವೇ ಹೇಳಿಬಿಟ್ಟೆ, ಜಿಪುಣಿ ಅನ್ನಿಸಿಕೊಂಡೆ. ಚುನಾವಣೆಗೆ ಸಾಲ ಮಾಡಿ ನಿಂತವರ ಗತಿ ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಒಳ್ಳೆಯವರೂ ಇದ್ದರು. ಬಡ್ಡಿ ಕಟ್ಟಬೇಕಾದವರು ಬಿಲ್ ತಡೆಯಿರಿ ಅಂತ ಬರೆದು ಕೊಡೋದು ಕಷ್ಟ.

ಮತ್ತೆ ನಿಲ್ಲುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ವಾರ್ಡ್ ಮೀಸಲಾತಿ ಬದಲಾಗುತ್ತದೆ, ಯಾರಿಗೆ ಬರುತ್ತದೋ ನೋಡಬೇಕು. ಸಾಮಾನ್ಯ ಬಂದರೆ ನನಗೆ ಟಿಕೆಟ್ ಯಾರು ಕೊಡುತ್ತಾರೆ? ಹೋದ ವಾರ ನನ್ನ ನೋಟ್‌ಬುಕ್‌ಗಳನ್ನು ಒಟ್ಟು ಮಾಡಿದೆ. ನೂರು ಪುಟದವು ಹನ್ನೊಂದು. ಯಾವ ಕಂಬದ ದೀಪ, ಯಾರ ಪಿಂಚಣಿ, ಯಾವ ತಾರೀಕು ಯಾರಿಗೆ ಹೇಳಿದೆ, ಎಲ್ಲ ಬರೆದಿದೆ. ಆಗದ ಕೆಲಸಗಳನ್ನು ಬೇರೆ ಒಂದರಲ್ಲಿ ಬರೆದುಕೊಂಡೆ, ಮುಂದೆ ಬರುವವರಿಗೆ ಕೊಡೋಕೆ. ಅವರು ತಗೊಳ್ಳುತ್ತಾರೋ ಇಲ್ಲವೋ.

ನೀವು ನಿಲ್ಲುವುದಾದರೆ ಪಾರ್ಟಿ ಆಫೀಸಿಗೆ ಹೋಗುವ ಮುಂಚೆ ನಿಮ್ಮ ವಾರ್ಡಿನ ವಾಟರ್‌ಮ್ಯಾನ್ ಜೊತೆ ಒಂದು ಬೆಳಗ್ಗೆ ಹೋಗಿ. ಕಸದ ಗಾಡಿ ಹಿಂದೆ ಒಂದು ಬೆಳಗ್ಗೆ. ಆಮೇಲೂ ನಿಲ್ಲಬೇಕು ಅನ್ನಿಸಿದರೆ ನಮ್ಮ ಊರಿಗೊಮ್ಮೆ ಬನ್ನಿ. ಆ ಉಲ್ಟಾ ಚರಂಡಿ ಇನ್ನೂ ಹಾಗೇ ಇದೆ. ಒಂದು ಮಗ್ ನೀರು ತಂದು ತೋರಿಸುತ್ತೇನೆ.